ಮೇಲಿನ ಖೋಲಿಯ ಟೇಬಲ್ ಲ್ಯಾಂಪು: ಸುಟ್ಟ ಶೇಡೊಂದರ ಪ್ರಕರಣ

ಜುಲೈ ತಿಂಗಳ ಒಂದು ರಾತ್ರಿ ಹನ್ನೊಂದೂವರೆಗೆ ಮೇಲಿನ ಖೋಲಿಯ ಹುಡುಗ ಬಂದು ಬಾಗಿಲು ಬಡಿದ. “ಸರ್, ಏನೋ ಸುಟ್ಟ ವಾಸನಿ ಬರಾಕತ್ತೈತ್ರಿ. ಎಲ್ಲಿಂದಂತ ತಿಳೀವಲ್ದು.” ಹೊರಗೆ ಧಾರವಾಡದ ಜಿಟಿಜಿಟಿ ಮಳೆ. ಕಿಟಕಿಗಳೆಲ್ಲ ಮುಚ್ಚಿದ್ದವು, ವಾಸನೆ ಖೋಲಿಯೊಳಗೇ ನಿಂತಿತ್ತು.

ಸಪ್ತಾಪುರದಲ್ಲಿ ನಮ್ಮ ಮನೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬರುವ ಹುಡುಗರಿಗೆ ಮಹಡಿಯ ಎರಡು ಖೋಲಿ ಬಾಡಿಗೆಗೆ ಕೊಟ್ಟಿದ್ದೇವೆ. ನಾನು ಐಟಿಐಯಲ್ಲಿ ವೈರ್‌ಮನ್ ಟ್ರೇಡ್ ಕಲಿಸಿ ನಿವೃತ್ತನಾದವನು. ಆ ರಾತ್ರಿಯಿಂದ ಸುಮಾರು ಎರಡು ವಾರ ಒಂದು ಲ್ಯಾಂಪಿನ ಜತೆ ಕಳೆದೆ. ಅದರಲ್ಲಿ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೀಗೆಯೇ ಲ್ಯಾಂಪು ಉರಿಯುವ ಖೋಲಿಗಳು ನಮ್ಮ ಓಣಿಯಲ್ಲೇ ಎಷ್ಟೋ ಇವೆ.

ಹುಡುಗನ ಊರು ಬ್ಯಾಡಗಿ. ಲ್ಯಾಂಪು ಅವನ ಅಜ್ಜನದು. ಮೆಣಸಿನಕಾಯಿ ಪೇಟೆಯಲ್ಲಿ ಲೆಕ್ಕ ಬರೆಯುತ್ತಿದ್ದ ಅಜ್ಜ ರಾತ್ರಿ ಮನೆಯಲ್ಲಿ ಅದರ ಕೆಳಗೇ ಕುಳಿತು ಕೀರ್ದಿ ಸರಿಮಾಡುತ್ತಿದ್ದರಂತೆ. ಹಿತ್ತಾಳೆಯ ಕಂಬ, ಕಂಬದ ತುದಿಗೆ ಬೇಕಲೈಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್ಡರು, ಅದರ ಮೇಲೆ ತಂತಿಯ ಚೌಕಟ್ಟಿಗೆ ಹೊಲಿದ ಬಟ್ಟೆಯ ಶೇಡು. ನಾನು ಮೇಲೆ ಹೋದಾಗ ಶೇಡು ಕಾಣಿಸುತ್ತಲೇ ಇರಲಿಲ್ಲ. ಜತೆಗಿರುವ ಹುಡುಗನ ಕಣ್ಣಿಗೆ ಬೆಳಕು ಬೀಳಬಾರದೆಂದು ಅದರ ಸುತ್ತ ಪೇಪರು ಸುತ್ತಿ, ಮೇಲಿನ ಬಾಯನ್ನೂ ಮಡಚಿ ಮುಚ್ಚಿದ್ದ. ಪೇಪರಿನ ಒಂದು ಮಗ್ಗುಲಲ್ಲಿ ಅಂಗೈಯಗಲದ ಕಂದು ಕಲೆ. ಅದರ ನಡುವೆ ಎಂಟಾಣೆಯಷ್ಟು ಜಾಗ ಕಪ್ಪಾಗಿತ್ತು.

“ಆಫ್ ಮಾಡೀನ್ರಿ” ಎಂದು ಹೋಲ್ಡರಿನ ಬಟನ್ ತೋರಿಸಿದ. ನಾನು ಮೊದಲು ಗೋಡೆಯ ಸ್ವಿಚ್ಚು ಆರಿಸಿದೆ, ಆಮೇಲೆ ಪ್ಲಗ್ಗನ್ನೇ ಕಿತ್ತೆ. ಅರ್ಧ ಗಂಟೆ ಯಾರೂ ಮುಟ್ಟದೆ ಬಿಟ್ಟೆವು. ತಣ್ಣಗಾದ ಮೇಲೆ ಪೇಪರು ಬಿಚ್ಚಿದೆ. ಕಲೆಯಿದ್ದ ಕಡೆ ಮುಟ್ಟಿದರೆ ಬೂದಿಯಂತೆ ಉದುರಿತು.

ಬಟನ್ ಆರಿಸಿದರೆ ಸಾಕು ಎಂದು ಅವನು ತಿಳಿದದ್ದರಲ್ಲಿ ತಪ್ಪೇನಿಲ್ಲ, ಬಹಳ ಜನ ಹಾಗೇ ತಿಳಿದಿದ್ದಾರೆ. ಆ ಲ್ಯಾಂಪಿಗೆ ಇದ್ದದ್ದು ಎರಡು ಪಿನ್ನಿನ ಪ್ಲಗ್ಗು. ಅದನ್ನು ಹೀಗೂ ಹಾಕಬಹುದು, ತಿರುವಿಯೂ ಹಾಕಬಹುದು. ಒಂದು ರೀತಿ ಹಾಕಿದರೆ ಬಟನ್ ಫೇಸನ್ನು, ಎಂದರೆ ಕರೆಂಟು ಬರುವ ತಂತಿಯನ್ನು ಕಡಿಯುತ್ತದೆ, ತಿರುವಿ ಹಾಕಿದರೆ ನ್ಯೂಟ್ರಲ್ಲನ್ನು, ಎಂದರೆ ಅದು ಮರಳುವ ತಂತಿಯನ್ನು ಕಡಿಯುತ್ತದೆ. ಎರಡರಲ್ಲೂ ಬಲ್ಬು ಆರುತ್ತದೆ. ಆದರೆ ಎರಡನೆಯದರಲ್ಲಿ 230 ವೋಲ್ಟು ಹೋಲ್ಡರಿನ ಒಂದು ಪಿನ್ನಿನವರೆಗೆ ಬಂದು ನಿಂತಿರುತ್ತದೆ, ಬಲ್ಬಿನೊಳಗಿನ ತಂತಿಯ ಮೂಲಕ ಇನ್ನೊಂದು ಪಿನ್ನಿಗೂ ಹೋಗಿರುತ್ತದೆ. ಬೆಳಕಿಲ್ಲ ಎಂದು ಕೈಹಾಕಿದವರಿಗೆ ಎರಡು ಕಡೆಯೂ ಕರೆಂಟು. ಅದಕ್ಕೆ ಶೇಡು ತೆಗೆಯುವುದಿರಲಿ, ಬಲ್ಬು ಬದಲಿಸುವುದಿರಲಿ, ಧೂಳು ಒರೆಸುವುದಿರಲಿ, ಮೊದಲು ಪ್ಲಗ್ಗು ಕಿತ್ತು ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲೆ ಇಟ್ಟುಕೊಳ್ಳಬೇಕು. ತರಗತಿಯಲ್ಲಿ ಇಪ್ಪತ್ತೆಂಟು ವರ್ಷ ಹೇಳಿದ ಮಾತು ಇದು.

ಕಲೆ ಯಾಕೆ ಒಂದೇ ಮಗ್ಗುಲಿಗೆ?

ಮರುದಿನ ಬೆಳಿಗ್ಗೆ ಲ್ಯಾಂಪನ್ನು ಕೆಳಗೆ ತಂದೆವು. ಹುಡುಗ ಆಗಲೇ ಹೊಸ ಶೇಡಿಗೆ ಎಷ್ಟಾಗುತ್ತದೆ ಎಂದು ಕೇಳತೊಡಗಿದ್ದ. ನಾನು ತಡೆದೆ. ಹಳೆಯ ಶೇಡು ಯಾಕೆ ಸುಟ್ಟಿತೆಂದು ತಿಳಿಯದೆ ಹೊಸದು ತಂದರೆ ಅದೂ ಸುಡುತ್ತದೆ.

ಪೇಪರಿನ ಕೆಳಗೆ ಬಟ್ಟೆಯಲ್ಲೂ ಕಲೆ ಇತ್ತು, ಅದೂ ಒಂದೇ ಮಗ್ಗುಲಿಗೆ, ಬಲ್ಬಿನ ಹೊಟ್ಟೆಯ ಎತ್ತರಕ್ಕೆ ಸರಿಯಾಗಿ. ಬಲ್ಬು ದೊಡ್ಡದಾಗಿದ್ದದ್ದಷ್ಟೇ ಕಾರಣವಾಗಿದ್ದರೆ ಶೇಡಿನ ಸುತ್ತಲೂ ಸಮನಾಗಿ ಹಳದಿಯಾಗಬೇಕಿತ್ತು. ಹಳದಿ ಸುತ್ತಲೂ ಇತ್ತು ನಿಜ, ಐವತ್ತು ವರ್ಷದ ಬೆಳಕು ಮತ್ತು ಬಿಸಿಗೆ ಹತ್ತಿಯ ನೂಲು ಹಾಗಾಗುತ್ತದೆ. ಆದರೆ ಕಂದು ಒಂದೇ ಕಡೆ. ಎಂದರೆ ಶೇಡು ಆ ಕಡೆಗೆ ವಾಲಿತ್ತು.

ವಾಲಲು ಕಾರಣ ಹೋಲ್ಡರಿನಲ್ಲಿ ಸಿಕ್ಕಿತು. ಇಂಥ ಶೇಡಿನ ಚೌಕಟ್ಟಿನ ನಡುವೆ ಒಂದು ಸಣ್ಣ ಬಳೆ ಇರುತ್ತದೆ. ಅದನ್ನು ಹೋಲ್ಡರಿನ ಕೊರಳಿಗೆ ಇಳಿಸಿ, ಮೇಲಿಂದ ತಿರುಪಿನ ಗೆರೆಗಳಿರುವ ರಿಂಗು ತಿರುಗಿಸಿ ಬಿಗಿಯುತ್ತಾರೆ. ಇಡೀ ಶೇಡನ್ನು ನೆಟ್ಟಗೆ ಹಿಡಿಯುವುದು ಆ ಒಂದು ರಿಂಗು. ಬೇಕಲೈಟ್ ವರ್ಷಗಟ್ಟಲೆ ಕಾದು ಪೆಳಸಾಗಿ ರಿಂಗು ಅರ್ಧ ಮುರಿದಿತ್ತು. ಹುಡುಗ ದಾರದಿಂದ ಬಿಗಿದು ಮೇಲೆ ಅಂಟುಪಟ್ಟಿ ಸುತ್ತಿದ್ದ. ಬಿಸಿಗೆ ಅಂಟು ಕರಗಿತು, ಶೇಡು ವಾಲಿತು. ಮೊದಲು ಬಲ್ಬಿಗೂ ಬಟ್ಟೆಗೂ ನಡುವೆ ಎರಡೂವರೆ ಇಂಚು ಜಾಗವಿತ್ತು, ಈಗ ಒಂದು ಬೆರಳು ಹೋಗುವಷ್ಟೂ ಉಳಿದಿರಲಿಲ್ಲ. ಕಾದ ಬಟ್ಟೆ ಹರಿಯಿತು. ಹರಿದ ಕಡೆಯಿಂದ ಬೆಳಕು ಕುಕ್ಕಿತು. ಕುಕ್ಕುವ ಬೆಳಕಿಗೆ ಪೇಪರು ಬಂತು.

ಒಳಗಿದ್ದದ್ದು 100 ವಾಟಿನ ಹಳೆಯ ಕಾಲದ ಬಲ್ಬು. ತಂತಿ ಕಾಯಿಸಿ ಬೆಳಗುವ ಈ ಬಲ್ಬು ತಿನ್ನುವ ವಿದ್ಯುತ್ತಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ಬಿಸಿಯಾಗಿಯೇ ಹೋಗುತ್ತದೆ. 60 ವಾಟಿನ ಬಲ್ಬಿನ ಗಾಜೇ 100 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. 100 ವಾಟಿನದು, ಅದೂ ಗಾಳಿಯಾಡದ ಕಡೆ, 200 ಡಿಗ್ರಿಯ ಸುತ್ತಮುತ್ತ ಹೋಗಬಲ್ಲದು. ಕಾಗದ ಹೊತ್ತಿಕೊಳ್ಳುವುದು ಸುಮಾರು 230 ಡಿಗ್ರಿಗೆ. ನಡುವಿನ ಅಂತರ ಅಷ್ಟೇ. ಇನ್ನೊಂದು ಮಾತು: ಕಾಗದವೋ ಹತ್ತಿಯೋ ದಿನವೂ ಗಂಟೆಗಟ್ಟಲೆ ಬಿಸಿಗೆ ಕೂತರೆ ನಿಧಾನವಾಗಿ ಕರಕಾಗುತ್ತದೆ. ಕರಕಾದದ್ದು ಮೊದಲಿನಷ್ಟು ಬಿಸಿ ಬೇಡದೆಯೂ ಕೆಂಡ ಹಿಡಿಯುತ್ತದೆ. ನಿನ್ನೆ ಏನೂ ಆಗಲಿಲ್ಲ, ಇವತ್ತೂ ಆಗುವುದಿಲ್ಲ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಶೇಡಿನ ಮೇಲಿನ ಬಾಯನ್ನು ಚಂದಕ್ಕೆ ಬಿಟ್ಟದ್ದಲ್ಲ. ಒಲೆಗೆ ಹೊಗೆಗೂಡು ಹೇಗೋ ಹಾಗೆ ಅದು. ಕೆಳಗಿಂದ ತಣ್ಣನೆಯ ಗಾಳಿ ಬಂದು, ಕಾದು, ಮೇಲಿಂದ ಹೋಗಬೇಕು. ಪೇಪರಿನಿಂದಾಗಲಿ ಟವೆಲ್ಲಿನಿಂದಾಗಲಿ ಅದನ್ನು ಮುಚ್ಚಿದರೆ ಬಿಸಿಯೆಲ್ಲ ಒಳಗೇ ಕೂಡುತ್ತದೆ. ಜತೆಗಾರನಿಗೆ ಬೆಳಕು ಬೀಳಬಾರದೆಂದರೆ ಲ್ಯಾಂಪನ್ನು ತಿರುಗಿಸಬೇಕು, ಇಲ್ಲವೇ ಮೇಜು ಸರಿಸಬೇಕು. ಆ ಖೋಲಿಯಲ್ಲಿ ಕೊನೆಗೆ ಮಾಡಿದ್ದೂ ಅದೇ, ಮೇಜನ್ನು ಕಿಟಕಿಯ ಕಡೆ ಎಳೆದೆವು. ಅರ್ಧ ನಿಮಿಷದ ಕೆಲಸ.

ವೈರು ನೋಡಿದಾಗ ನನಗೆ ನಿಜವಾಗಿ ಭಯವಾಯಿತು. ಹಿತ್ತಾಳೆ ಕಂಬದ ಬುಡದಲ್ಲಿ ವೈರು ಹೊರಬರುವ ತೂತಿಗೆ ರಬ್ಬರ್ ಬುಷ್ ಇರಲಿಲ್ಲ. ಲೋಹದ ಅಂಚಿಗೆ ಉಜ್ಜಿ ಉಜ್ಜಿ ಮೇಲಿನ ಕವಚ ಸವೆದು ಒಳಗಿನ ತಾಮ್ರ ಇಣುಕುತ್ತಿತ್ತು. ಕರೆಂಟು ಸೋರದಂತೆ ಕವಚ ಎಷ್ಟು ತಡೆಯುತ್ತದೆಂದು ಅಳೆಯುವ ಮೆಗ್ಗರ್ ಹಚ್ಚಿ ವೈರಿಗೂ ಕಂಬಕ್ಕೂ ನಡುವೆ ಅಳೆದರೆ ಒಂದು ಮೆಗಾಓಮ್‌ಗಿಂತ ಎಷ್ಟೋ ಕಡಿಮೆ. ಒಂದಾದರೂ ಇರಲೇಬೇಕು, ಹೊಸ ಲ್ಯಾಂಪಿನಲ್ಲಿ ಅದಕ್ಕಿಂತ ಬಹಳ ಹೆಚ್ಚಿರುತ್ತದೆ. ಮಳೆಗಾಲದ ಥಂಡಿ, ಬರಿಗಾಲು, ಹಿತ್ತಾಳೆ ಕಂಬ, ಎರಡೇ ಎಳೆಯ ವೈರು. ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ಥಿಂಗೇ ಇಲ್ಲ. ಶೇಡಿನ ಬೆಂಕಿಗಿಂತ ಮೊದಲು ಆ ಹುಡುಗನನ್ನು ಕಂಬವೇ ಹಿಡಿಯಬಹುದಿತ್ತು.

ಚೌಕಟ್ಟು ಮತ್ತು ಬಟ್ಟೆ

ಹೊಸ ಶೇಡೇ ಕೊಳ್ಳೋಣವೆಂದು ಹುಬ್ಬಳ್ಳಿಗೂ ಒಮ್ಮೆ ಹೋಗಿ ಬಂದೆವು. ಸಿಕ್ಕವುಗಳಲ್ಲಿ ಬಹಳಷ್ಟರ ನಡುವಿನ ಬಳೆ ಸ್ಕ್ರೂ ಬಲ್ಬಿನ ಹೋಲ್ಡರಿಗೆ ಮಾಡಿದ್ದು, ಒಳವ್ಯಾಸ 40 ಮಿಲಿಮೀಟರಿಗಿಂತ ಹೆಚ್ಚು. ನಮ್ಮ ಮನೆಗಳಲ್ಲಿರುವ ಎರಡು ಪಿನ್ನಿನ, ಒತ್ತಿ ತಿರುಗಿಸುವ ಬಿ22 ಹೋಲ್ಡರಿಗೆ 29 ಮಿಲಿಮೀಟರಿನ ಸುತ್ತಮುತ್ತ ಬೇಕು. ದೊಡ್ಡ ಬಳೆಯನ್ನು ಸಣ್ಣ ಕೊರಳಿಗೆ ಇಳಿಸಿ ನಡುವೆ ರಟ್ಟು ತುರುಕಿದರೆ ಅದೇ ವಾಲುವಿಕೆ ಮತ್ತೆ ಶುರು. ಬಳೆಯ ಅಳತೆ ತಗ್ಗಿಸುವ ಬಿಲ್ಲೆ ಜತೆಗೆ ಕೊಟ್ಟರೆ ಮಾತ್ರ ಅಂಥದ್ದನ್ನು ಕೊಳ್ಳಬಹುದು. ಶೇಡು ಕೊಳ್ಳಲು ಹೋಗುವವರು ಬಣ್ಣ ನೋಡುವ ಮೊದಲು ಹಳೆಯ ಬಳೆಯನ್ನು ಚೀಲದಲ್ಲಿಟ್ಟುಕೊಂಡು ಹೋಗುವುದು ಒಳ್ಳೆಯದು.

ನಮ್ಮ ಚೌಕಟ್ಟು ಗಟ್ಟಿಯಾಗಿತ್ತು, ಬೆಸುಗೆ ಎಲ್ಲೂ ಬಿಟ್ಟಿರಲಿಲ್ಲ. ಇದನ್ನೇ ಉಳಿಸಿ ಬಟ್ಟೆ ಮಾತ್ರ ಹೊಸದು ಹೊಲಿಯೋಣವೆಂದು ನಿರ್ಧರಿಸಿದೆವು.

ತುಕ್ಕು ತೆಗೆಯಲು ಹುಡುಗ ಪಾಲಿಶ್ ಕಾಗದ ಹಿಡಿದು ಒಣದಾಗಿಯೇ ಉಜ್ಜಲು ಕುಳಿತ. ಬಿಡಿಸಿದೆ. ಹಳೆಯ ಎನಾಮೆಲ್ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಿಂದ. ಅಜ್ಜನ ಲ್ಯಾಂಪು ಅದಕ್ಕಿಂತ ಎಷ್ಟೋ ಹಿಂದಿನದು. ಒಣ ಧೂಳು ಮೂಗಿಗೆ ಹೋಗಬಾರದು, ಮಕ್ಕಳಿರುವ ಮನೆಯಲ್ಲಂತೂ ಹಾರಲೇಬಾರದು. ನೀರು ಹಾಕಿ ಉಜ್ಜುವ ಕಾಗದ ತಂದು, ಹಿತ್ತಲಲ್ಲಿ ಹಳೆಯ ಪೇಪರು ಹಾಸಿ, ಒದ್ದೆಯಾಗಿಯೇ ಉಜ್ಜಿದೆವು. ಪೇಪರನ್ನು ಹಾಗೇ ಸುತ್ತಿ ಕಟ್ಟಿ ಕಸಕ್ಕೆ ಹಾಕಿ, ಕೈ ತೊಳೆದೆವು. ಆಮೇಲೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಒಂದು ಕೈ, ಬಿಳಿ ಬಣ್ಣ ಒಂದು ಕೈ. ಶ್ರಾವಣದ ಮೊದಲಿನ ಆ ಹವೆಯಲ್ಲಿ ಒಣಗಲು ನಾಲ್ಕು ದಿನ ಹಿಡಿಯಿತು.

ಬಟ್ಟೆಯ ಕೆಲಸ ನನ್ನ ಅಕ್ಕನದು. ಕುಪ್ಪಸ ಹೊಲಿಯುತ್ತ ಮೂವರು ಮಕ್ಕಳನ್ನು ಓದಿಸಿದವಳು, ಬಟ್ಟೆಯ ವಿಷಯದಲ್ಲಿ ಅವಳ ಮಾತೇ ಕೊನೆ. ಹುಡುಗನಿಗೆ ಕುಪ್ಪಸದ ಖಣದ ಬಟ್ಟೆಯಲ್ಲಿ ಶೇಡು ಮಾಡಿಸುವ ಆಸೆ. ಅಕ್ಕನ ಪೆಟ್ಟಿಗೆಯಲ್ಲಿ ಚಂದದೊಂದು ತುಂಡೂ ಇತ್ತು. ಅಕ್ಕ ಅದರ ಅಂಚಿನಿಂದ ನಾಲ್ಕು ಎಳೆ ಕಿತ್ತು ಚಿಮಟಾದಲ್ಲಿ ಹಿಡಿದು, ತಾಟಿನ ಮೇಲೆ, ಪಕ್ಕಕ್ಕೆ ನೀರಿನ ಬಕೆಟ್ ಇಟ್ಟುಕೊಂಡು ಕಡ್ಡಿ ಗೀರಿದಳು. ಎಳೆ ಉರಿಯ ಹತ್ತಿರ ಬರುವಷ್ಟರಲ್ಲೇ ಮುದುಡಿ ಹಿಂದೆ ಸರಿಯಿತು, ಕೊನೆಗೆ ಕರಿಯ ಗಟ್ಟಿ ಮಣಿ ಉಳಿಯಿತು.

“ಇದು ಹತ್ತಿ ಅಲ್ಲೋ ತಮ್ಮಾ, ಪಾಲಿಯೆಸ್ಟರ್ ಕೂಡ್ಯದ ಇದರಾಗ. ಕಾದ್ರ ಕರಗಿ ಬಲ್ಬಿಗೇ ಅಂಟತದ.”

ಹತ್ತಿಯಾದರೆ ಸುಟ್ಟ ಕಾಗದದ ವಾಸನೆ ಬರುತ್ತದೆ, ಉಳಿಯುವುದು ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಬೂದಿ. ಗುಳೇದಗುಡ್ಡದ ಕೈಮಗ್ಗದ ಖಣದ ಮಾತು ಬೇರೆ, ಆದರೆ ಈಗ ಖಣವೆಂದು ಮಾರುವುದರಲ್ಲಿ ಇಂಥ ಬೆರಕೆಯೂ ಬರುತ್ತದೆ. ಕೈಯಿಂದ ಮುಟ್ಟಿದರೆ ತಿಳಿಯುವುದಿಲ್ಲ, ನಾಲ್ಕು ಎಳೆ ಸುಟ್ಟು ನೋಡಬೇಕು. ಹತ್ತಿಯೂ ಉರಿಯುತ್ತದೆ ಎಂಬುದನ್ನು ಮರೆಯಬಾರದು. ಅದು ಕರಗಿ ಅಂಟುವುದಿಲ್ಲ ಎಂಬಷ್ಟಕ್ಕೇ ಅದನ್ನು ಆರಿಸಿದ್ದು. ಬೆಂಕಿಯಿಂದ ಕಾಯುವುದು ತಣ್ಣನೆಯ ಬಲ್ಬು ಮತ್ತು ನಡುವಿನ ಜಾಗ.

ಹುಡುಗ ಊರಿಗೆ ಫೋನ್ ಮಾಡಿದ್ದ. ಎರಡು ದಿನಕ್ಕೆ ಧಾರವಾಡಕ್ಕೆ ಬರುವವರೊಬ್ಬರ ಕೈಯಲ್ಲಿ ಅವನ ಅಜ್ಜಿ ಒಂದು ಗಂಟು ಕಳಿಸಿದರು. ಬಿಚ್ಚಿದರೆ ಅಜ್ಜನ ಧೋತರ. ಸಣ್ಣ ಕೆಂಪಂಚಿನ ಬಿಳಿ ಹತ್ತಿ, ತೊಳೆದು ತೊಳೆದು ಮೆತ್ತಗಾದದ್ದು. ಅಕ್ಕ ಅದನ್ನು ಮಡಿಲಲ್ಲಿ ಹರವಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು. ಆಮೇಲೆ, “ಇದಕ್ಕಿಂತ ಛಲೋ ಅರಿವಿ ಅಂಗಡ್ಯಾಗ ಸಿಗೂದಿಲ್ಲ” ಎಂದಳು. ಮಾತು ನಿಜವೇ. ತಿಳಿಬಣ್ಣ ಬೆಳಕನ್ನು ಬಿಡುತ್ತದೆ, ಹಳೆಯ ಬಟ್ಟೆ ಇನ್ನು ಕುಗ್ಗುವುದಿಲ್ಲ, ನೇಯ್ಗೆ ತೆಳು.

ಮೊದಲು ಚೌಕಟ್ಟಿನ ಪ್ರತಿ ತಂತಿಗೂ ಹತ್ತಿಯ ಲಾಡಿಯನ್ನು ಓರೆಯಾಗಿ ಸುತ್ತಿದಳು. ಪಾಯಿಜಾಮಕ್ಕೆ ಹಾಕುತ್ತೇವಲ್ಲ, ಅದೇ ಚಪ್ಪಟೆ ಲಾಡಿ. ಸುತ್ತಿದ್ದು ಬಿಗಿಯೋ ಸಡಿಲೋ ತಿಳಿಯಲು ಎರಡು ಬೆರಳಲ್ಲಿ ಹಿಡಿದು ತಿರುವಬೇಕು. ತಂತಿಯ ಮೇಲೆ ಲಾಡಿ ತಿರುಗಿದರೆ ಬಿಚ್ಚಿ ಮತ್ತೆ ಸುತ್ತಬೇಕು, ಮುಂದೆ ಹಾಕುವ ಹೊಲಿಗೆಯೆಲ್ಲ ಇದರ ಮೇಲೇ ನಿಲ್ಲುವುದು. ಅಕ್ಕ ಎರಡು ಸಲ ಬಿಚ್ಚಿದಳು. ಆಮೇಲೆ ಧೋತರವನ್ನು ಓರೆಗೆ ಕತ್ತರಿಸಿದಳು. ಓರೆಗೆ ಕತ್ತರಿಸಿದ ಬಟ್ಟೆ ಎಳೆದ ಕಡೆ ಬರುತ್ತದೆ, ಮೇಲೆ ಕಿರಿದು ಕೆಳಗೆ ಅಗಲವಾದ ಶೇಡಿಗೆ ನೆರಿಗೆಯಿಲ್ಲದೆ ಕೂಡುತ್ತದೆ. ಸ್ವಲ್ಪ ನೀರು ಚಿಮುಕಿಸಿ, ಟಾಚಣಿ ಚುಚ್ಚಿ, ಅರ್ಧರ್ಧ ಸುತ್ತಿನ ಎರಡು ಭಾಗವಾಗಿ ಎಳೆದು ಕೂಡಿಸಿದಳು. ಒಣಗಿದಾಗ ಬಟ್ಟೆ ಬಾರಿಸುವ ಹಲಗೆಯ ತೊಗಲಿನಂತೆ ಬಿಗಿಯಾಯಿತು. ಕಚ್ಚಾ ಹೊಲಿಗೆ ಹಾಕಿ ನೋಡಿ, ಆಮೇಲೆ ಕೈಹೊಲಿಗೆ.

ಅಂಟು ಬೇಡವೆಂದವನು ನಾನು. ರಬ್ಬರಿನ ಅಂಟು ತಾನೇ ಬೇಗ ಹೊತ್ತುವಂಥದ್ದು, ಬಿಳಿಯ ಅಂಟು ಬಿಸಿಗೆ ಮೆತ್ತಗಾಗಿ ಬಿಡುತ್ತದೆ. ಧೋತರದ ಕೆಂಪಂಚನ್ನು ಅಕ್ಕ ಬೇರೆಯಾಗಿ ತೆಗೆದಿಟ್ಟಿದ್ದಳು. ಅದನ್ನು ಕೆಳಗಿನ ಬಳೆಯ ಸುತ್ತ ಕೂಡಿಸಿದಳು. ಇಡೀ ಕೆಲಸಕ್ಕೆ ಎರಡು ಮಧ್ಯಾಹ್ನ ಹಿಡಿಯಿತು.

ವೈರು, ಬಲ್ಬು, ಕೊನೆಗೆ ಗೋಡೆ

ವೈರಿನ ಕೆಲಸ ಬೇಗ ಹೇಳಿ ಮುಗಿಸುತ್ತೇನೆ, ಕಲಿತವರೇ ಮಾಡಬೇಕಾದದ್ದು ಅದು. ಮೂರು ಎಳೆಯ ಹೊಸ ವೈರು, ಮೂರು ಪಿನ್ನಿನ 6 ಆಂಪಿಯರ್ ಪ್ಲಗ್ಗು, ಬುಡದ ತೂತಿಗೆ ರಬ್ಬರ್ ಬುಷ್, ಒಳಗೆ ವೈರು ಜಗ್ಗದಂತೆ ಹಿಡಿಕೆ, ಐಎಸ್‌ಐ ಗುರುತಿನ ಹೊಸ ಹೋಲ್ಡರು. ಸ್ವಿಚ್ಚು ಫೇಸಿನ ದಾರಿಯಲ್ಲಿ. ಹಸಿರು ಎಳೆಯನ್ನು ಹಿತ್ತಾಳೆ ಕಂಬಕ್ಕೆ ಸ್ಕ್ರೂ ಹಾಕಿ ಬಿಗಿಯುವ ಮೊದಲು ಅಲ್ಲಿನ ಹಳೆಯ ಪಾಲಿಶನ್ನು ಕೆರೆದು ಲೋಹ ಕಾಣುವಂತೆ ಮಾಡಿದೆ, ಇಲ್ಲದಿದ್ದರೆ ಅರ್ಥಿಂಗ್ ಹೆಸರಿಗೆ ಮಾತ್ರ ಆಗುತ್ತದೆ. ಈ ಕೆಲಸ ಬಾರದವರು ಪರವಾನಗಿಯಿರುವ ವೈರ್‌ಮನ್‌ನನ್ನು ಕರೆಯಬೇಕು. ಬಟ್ಟೆ ಹೊಲಿಯುವುದು, ಚೌಕಟ್ಟಿಗೆ ಬಣ್ಣ ಹಚ್ಚುವುದು, ಬಲ್ಬು ಹಾಕುವುದು, ಇವು ಮನೆಯವರ ಕೈಗೆ ದಕ್ಕುವ ಕೆಲಸಗಳು. ಹೋಲ್ಡರಿನಿಂದ ಕೆಳಗಿನದು ಹಾಗಲ್ಲ.

ಬಲ್ಬು 9 ವಾಟಿನ ಎಲ್‌ಇಡಿ. ಬೆಳಕು ಹಳೆಯ 60 ವಾಟಿನ ಬಲ್ಬಿಗೆ ಕಡಿಮೆಯಿಲ್ಲ. ಹುಡುಗನಿಗೆ 100ರ ಬೆಳಕೇ ಬೇಕೆಂದಿತ್ತು, ಆದರೆ ಪುಸ್ತಕ ಎರಡಡಿ ದೂರದಲ್ಲಿದ್ದಾಗ ಇದು ಸಾಕಾಗಿ ಉಳಿಯಿತು. ಎಲ್‌ಇಡಿಯೂ ಕಾಯುತ್ತದೆ, ಆದರೆ ಕಾಯುವುದು ಕೊರಳಿನ ಹತ್ತಿರ, ಒಳಗಿನ ಸರ್ಕೀಟು ಇರುವ ಕಡೆ. ಬಾಯಿ ಮುಚ್ಚಿದ ಶೇಡಿನಲ್ಲಿ ಹಾಕಿದರೆ ಅದರ ಆಯುಷ್ಯ ಕುಗ್ಗುತ್ತದೆ, ಹಾಗಾಗಿ ಮೇಲಿನ ಬಾಯಿ ತೆರೆದಿರಬೇಕೆಂಬ ಮಾತು ಇದಕ್ಕೂ ಸಲ್ಲುತ್ತದೆ. ಎರಡು ಗಂಟೆ ಉರಿಸಿ, ಮೇಲಿನ ಬಾಯಲ್ಲಿ ಥರ್ಮಾಮೀಟರ್ ಇಟ್ಟು ನೋಡಿದೆವು. ಖೋಲಿಯ ಗಾಳಿ 25 ಡಿಗ್ರಿ, ಅಲ್ಲಿ 30. ಅಂಗೈಯಿಂದ ಧೋತರ ಮುಟ್ಟಿದರೆ ಬಿಸಿಯೆಂಬುದೇ ಇಲ್ಲ.

ನಾಳೆ ಎಲ್‌ಇಡಿ ಹೋದಾಗ ಯಾರಾದರೂ ಮನೆಯಲ್ಲಿದ್ದ ಹಳೆಯ ಬಲ್ಬು ಸಿಕ್ಕಿಸಬಹುದು. ಅದಕ್ಕೆ ಕಂಬದ ಬುಡಕ್ಕೆ ಒಂದು ಚೀಟಿ ಅಂಟಿಸಿದೆವು: “ಎಲ್‌ಇಡಿ ಮಾತ್ರ. 9 ವಾಟಿಗಿಂತ ಹೆಚ್ಚು ಬೇಡ. ಮೇಲೆ ಏನೂ ಹೊದಿಸಬಾರದು.” ಅಕ್ಷರ ಹುಡುಗನದು, ಕೆಳಗೆ ತಾರೀಖು.

ಲ್ಯಾಂಪು ಮೇಲೆ ಒಯ್ದೆವು. ಪ್ಲಗ್ಗು ಚುಚ್ಚುವ ಮೊದಲು, ರೂಢಿಯ ಮೇಲೆ, ಗೋಡೆಯ ಸಾಕೆಟ್ಟಿಗೆ ಟೆಸ್ಟ್ ಲ್ಯಾಂಪ್ ಹಿಡಿದೆ. ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ ಹತ್ತಿತು. ಫೇಸಿಗೂ ಅರ್ಥಿಗೂ ನಡುವೆ ಹತ್ತಲಿಲ್ಲ. ಬೋರ್ಡು ಬಿಚ್ಚಿದೆ. ಸಾಕೆಟ್ಟಿನ ಅರ್ಥ್ ಪಿನ್ನಿಗೆ ಹಸಿರು ವೈರು ಇತ್ತು, ಆ ವೈರು ಮೆಟ್ಟಿಲ ಮೇಲಿನ ಪೆಟ್ಟಿಗೆಯವರೆಗೆ ಬಂದು ಅಲ್ಲಿ ಸುರುಳಿ ಸುತ್ತಿಕೊಂಡು ಕುಳಿತಿತ್ತು. ಕೆಳಗಿನ ಅರ್ಥಿಗೆ ಕೂಡಿಸಿಯೇ ಇರಲಿಲ್ಲ. ಮಹಡಿ ಕಟ್ಟಿಸಿದ್ದು ಹದಿನೈದು ವರ್ಷದ ಹಿಂದೆ. ವೈರಿಂಗ್ ಬೇರೆಯವರು ಮಾಡಿದ್ದರು, ಆದರೆ ಮನೆ ನನ್ನದು, ಟೆಸ್ಟ್ ಲ್ಯಾಂಪೂ ನನ್ನ ಬಳಿಯೇ ಇತ್ತು. ಹದಿನೈದು ವರ್ಷದಲ್ಲಿ ಎಷ್ಟು ಜನರ ಮಕ್ಕಳು ಆ ಖೋಲಿಗಳಲ್ಲಿ ಇಸ್ತ್ರಿ ಹಚ್ಚಿದರು, ನೀರಿನ ಹೀಟರ್ ಹಾಕಿಕೊಂಡರು. ಆ ದಿನ ಊಟ ರುಚಿಸಲಿಲ್ಲ.

ಹುಡುಗನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಪಕ್ಕದ ಖೋಲಿಯವರಿಗೂ ಹೇಳಿದೆ. ಮರುದಿನ ಹಸಿರು ವೈರನ್ನು ಕೆಳಗಿನ ಅರ್ಥಿಗೆ ಕೂಡಿಸಿ ಎರಡು ಖೋಲಿಯ ಎಲ್ಲ ಸಾಕೆಟ್ಟುಗಳನ್ನೂ ಪರೀಕ್ಷಿಸಿದೆ. ವಾರದೊಳಗೆ ಕೆಳಗಿನ ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆ. ಮೈಯಿಂದಲೋ ಲೋಹದಿಂದಲೋ ಕರೆಂಟು ನೆಲಕ್ಕೆ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಇಡೀ ಸಾಲನ್ನು ಆರಿಸುತ್ತದೆ. ಅದರ ಟೆಸ್ಟ್ ಬಟನ್ನನ್ನು ಪ್ರತಿ ತಿಂಗಳ ಒಂದನೆಯ ತಾರೀಖು ಒತ್ತಿ ನೋಡುತ್ತೇನೆ.

ಪಂಚಮಿಗೆ ಊರಿಗೆ ಹೋದ ಹುಡುಗ ಡಬ್ಬಿ ತುಂಬ ಶೇಂಗಾ ಉಂಡಿ ತಂದ. “ಆಯಿ ಕೇಳಾಕತ್ತಿದ್ಲ್ರಿ, ದೀಪ ಹಚ್ಚಿದ್ರ ಅಂಚು ಕಾಣ್ತೈತೇನು ಅಂತ.” ದೀಪ ಹಚ್ಚಿ, ಖೋಲಿಯ ಉಳಿದ ಬೆಳಕು ಆರಿಸಿ, ಮೊಬೈಲಿನಲ್ಲಿ ಚಿತ್ರ ತೆಗೆದು ಕಳಿಸಿದೆವು. ಅಂಚು ಕಾಣುತ್ತಿತ್ತು.

ದೀಪಾವಳಿಯ ಹೊತ್ತಿಗೆ ಲ್ಯಾಂಪನ್ನು ಮತ್ತೊಮ್ಮೆ ಇಳಿಸಿ ನೋಡಿದೆ. ರಿಂಗು ಬಿಗಿಯಾಗಿದೆ, ಶೇಡು ನೆಟ್ಟಗಿದೆ, ಬಟ್ಟೆಯಲ್ಲಿ ಎಲ್ಲೂ ಬಣ್ಣ ತಿರುಗಿಲ್ಲ, ಪ್ಲಗ್ಗಿನ ಪಿನ್ನು ಕಪ್ಪಾಗಿಲ್ಲ. ಒಳಗಡೆ ಧೂಳು ಕೂತಿತ್ತು, ಒಣ ಬ್ರಷ್ಷಿನಿಂದ ಝಾಡಿಸಿದೆವು. ಮೇಲಿನ ಬಳೆಯ ಒಂದು ಬೆಸುಗೆಯ ಹತ್ತಿರ ಲಾಡಿಯ ಮೇಲೆ ಸಾಸಿವೆಯಷ್ಟು ತುಕ್ಕಿನ ಕಲೆ ಮೂಡಿದೆ. ಆ ಸಂದಿಗೆ ಬಣ್ಣ ಸರಿಯಾಗಿ ಹೋಗಿರಲಿಲ್ಲವೆಂದು ಕಾಣುತ್ತದೆ. ಬೇಸಿಗೆ ಬರಲಿ, ಅಷ್ಟು ಕಡೆ ಹೊಲಿಗೆ ಬಿಚ್ಚಿ ಬಣ್ಣ ಹಚ್ಚೋಣ ಎಂದಿದ್ದಾಳೆ ಅಕ್ಕ. ಅಂಚಿನಲ್ಲಿ ಉಳಿದ ಧೋತರದ ತುಂಡನ್ನು ಅದಕ್ಕೆಂದೇ ಮಡಚಿ ಪೆಟ್ಟಿಗೆಯಲ್ಲಿಟ್ಟಿದ್ದಾಳೆ.